ಎರಡನೇ ಮತ ಅಂದರೆ ಎರಡನೇ ಆಯ್ಕೆ ಅಲ್ಲ

ಜರ್ಮನಿಯಲ್ಲಿ ದಾಖಲೆಗಳ ಅನುವಾದ ನನ್ನ ಕೆಲಸ. ಇಲ್ಲಿನ ಪೌರತ್ವ ಪಡೆದ ನಮ್ಮವರ ಮನೆಗೆ ಬುಂಡೆಸ್ಟಾಗ್ (ಇಲ್ಲಿನ ಲೋಕಸಭೆ) ಚುನಾವಣೆಯ ಅಂಚೆ ಮತಪತ್ರ ಬಂದ ಕೂಡಲೇ ನನ್ನ ಫೋನ್ ಶುರು. ಕೈಯಲ್ಲಿ ಪೆನ್ನು, ಬಾಯಲ್ಲಿ ಅದೇ ಮಾತು: "ಸಾರ್, ಮೊದಲನೇ ಮತ ಮುಖ್ಯ, ಎರಡನೆಯದು ಸುಮ್ನೆ, ಅಲ್ವಾ?"

ಅಲ್ಲ! ನಮ್ಮ ಪದವೀಧರ ಕ್ಷೇತ್ರದ ಪ್ರಾಶಸ್ತ್ಯದ ಮತವನ್ನು ದಯವಿಟ್ಟು ಮರೆತುಬಿಡಿ. ಹಾಳೆಯ ಎಡಗಡೆ ಕಪ್ಪಿನಲ್ಲಿ ಕ್ಷೇತ್ರದ ಅಭ್ಯರ್ಥಿಗಳು, ಬಲಗಡೆ ನೀಲಿಯಲ್ಲಿ ಪಕ್ಷಗಳ ಪಟ್ಟಿ. ಎಡಕ್ಕೊಂದು ಗುರುತು, ಬಲಕ್ಕೊಂದು. ಬುಂಡೆಸ್ಟಾಗ್‌ನಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಎಂದು ತೀರ್ಮಾನಿಸುವುದು ನೀಲಿ. ಅದೇ 'ಎರಡನೇ ಮತ'. ಹೆಸರಿಟ್ಟವರಿಗೆ ನಮಸ್ಕಾರ.

"ಹಾಗಾದರೆ ಕಪ್ಪು ಮತ ದಂಡವಾ?" ದಂಡವಲ್ಲ. ಹಾನ್ಸ್-ಕ್ರಿಸ್ಟಿಯಾನ್ ಶ್ಟ್ರೊಬೆಲೆ ಅಂತ ಗ್ರೀನ್ ಪಕ್ಷದ ವಕೀಲರೊಬ್ಬರು ಇದ್ದರು. ಸೈಕಲ್ಲು, ಕೆಂಪು ಮಫ್ಲರ್ ಅವರ ಗುರುತು. ಕೊಸೊವೊ ಯುದ್ಧದ ವಿಷಯದಲ್ಲಿ ಸ್ವಂತ ಪಕ್ಷದ ವಿದೇಶಾಂಗ ಸಚಿವ ಯೋಷ್ಕ ಫಿಶರ್ ಅವರನ್ನೇ ವಿರೋಧಿಸಿದ್ದರು. ನೀಲಿ ಮತದಿಂದ ಬರುವ ಸೀಟುಗಳಿಗೆ ಪಕ್ಷ ಮೊದಲೇ ಕ್ರಮವಾಗಿ ಹೆಸರು ಬರೆದಿಡುವ ಪಟ್ಟಿಯಲ್ಲಿ 2002ರಲ್ಲಿ ಅವರಿಗೆ ಗೆಲ್ಲುವಂಥ ಜಾಗ ಸಿಗಲಿಲ್ಲ. ಬರ್ಲಿನ್‌ನ ಕ್ರೊಯ್ಟ್ಸ್‌ಬರ್ಗ್ ಸೇರಿದ ಕ್ಷೇತ್ರದಲ್ಲಿ ನೇರವಾಗಿ ನಿಂತರು. ನನಗೆ ಮತ ಹಾಕಿ, ಫಿಶರ್‌ಗೆ ಕಾಟ ಕೊಡಿ ಎನ್ನುವಂಥ ಘೋಷಣೆ ಬೇರೆ! 31.6% ಮತ ಬಂತು, ಗೆದ್ದರು. ಆಮೇಲೆ 2005, 2009, 2013ರಲ್ಲೂ ಗೆದ್ದರು. ಅಷ್ಟು ವರ್ಷ ಗ್ರೀನ್ ಪಕ್ಷದಿಂದ ನೇರವಾಗಿ ಗೆದ್ದು ಬಂದವರು ಇವರೊಬ್ಬರೇ. 2017ರಲ್ಲಿ ನಿಲ್ಲಲಿಲ್ಲ, 2022ರಲ್ಲಿ ತೀರಿಕೊಂಡರು. ಆ ಮನುಷ್ಯ ಅಂದರೆ ನನಗೆ ಸ್ವಲ್ಪ ಜಾಸ್ತಿಯೇ ಇಷ್ಟ.

ಆದರೆ ಇಲ್ಲೇ ನಮ್ಮವರು ಎಡವುವುದು. 2002ರಲ್ಲಿ ಅವರು ಗೆದ್ದದ್ದರಿಂದ ಪಕ್ಷಕ್ಕೆ ಒಂದು ಸೀಟು ಜಾಸ್ತಿ ಬರಲಿಲ್ಲ. ನೀಲಿ ಮತದ ಲೆಕ್ಕದಲ್ಲಿ ಬಂದ ಸೀಟುಗಳಲ್ಲೇ ಒಂದರಲ್ಲಿ ಅವರು ಕೂತರು, ಪಟ್ಟಿಯಲ್ಲಿದ್ದ ಇನ್ನೊಬ್ಬರು ಹೊರಗುಳಿದರು. ಕಪ್ಪು ಮತ ಹೇಳುವುದು 'ಯಾರು'. ನೀಲಿ ಹೇಳುವುದು 'ಎಷ್ಟು'.

2023ರ ಚುನಾವಣಾ ಕಾನೂನಿನ ತಿದ್ದುಪಡಿಯ ನಂತರ ಇದು ಇನ್ನೂ ಬಿಗಿಯಾಯಿತು. ಕ್ಷೇತ್ರ ಗೆದ್ದರೂ ಪಕ್ಷಕ್ಕೆ ಸಾಕಷ್ಟು ನೀಲಿ ಮತ ಬಾರದಿದ್ದರೆ ಸೀಟಿಲ್ಲ. 2025ರಲ್ಲಿ 23 ಮಂದಿ ಹಾಗೆ ಗೆದ್ದೂ ಮನೆಯಲ್ಲೇ ಉಳಿದರು. ನಾನು ವಕೀಲನಲ್ಲ, ನಿಯಮ ಮತ್ತೆ ಬದಲಾಗಲೂಬಹುದು. ಗುರುತು ಹಾಕುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೆ ಹಾಸನದ ಹುಡುಗನೊಬ್ಬ ಕೇಳಿದ: "ಸಾರ್, ನೀವು ನೀಲಿ ಯಾರಿಗೆ ಹಾಕ್ತೀರಿ?"

ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್ ಕಣಪ್ಪಾ ಅಂದೆ.