ಪರದೆ ಕಪ್ಪಾಗಿದೆ ಅಂತ ಬಟನ್ ಒತ್ತಬೇಡಿ

ಬೇಸಿಗೆ ಬಂತು ಅಂದ್ರೆ ಕಲಬುರಗಿಯ ನನ್ನ ರಿಪೇರಿ ಅಂಗಡಿಗೆ ಒಂದೇ ಕಥೆ ಮತ್ತೆ ಮತ್ತೆ ಬರುತ್ತದೆ. ಕೈಯಲ್ಲಿ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ, ಅಂದ್ರೆ ಕೈಯಲ್ಲಿ ಹಿಡಿದು ಗೇಮ್ ಆಡುವ ಪುಟ್ಟ ಕಂಪ್ಯೂಟರ್; ಮುಖದಲ್ಲಿ ಗಾಬರಿ. "ಅಣ್ಣಾ, ಗೇಮ್ ಭಾಳ ಸ್ಲೋ ಆಗಿತ್ತು. ಬಯಾಸ್ ಅಪ್‌ಡೇಟ್ ಹಾಕಿದೆ. ನಡುವ ಹ್ಯಾಂಗ್ ಆಯ್ತು. ಪವರ್ ಬಟನ್ ಒತ್ತಿ ಹಿಡಿದೆ. ಈಗ ಆನೇ ಆಗವಲ್ದು."

ಹ್ಯಾಂಗ್ ಆಗಿರಲಿಲ್ಲಪ್ಪ. ಅದು ತನ್ನ ಕೆಲಸ ಮಾಡ್ತಿತ್ತು. ಕೊಂದದ್ದು ನಿನ್ನ ಹೆಬ್ಬೆರಳು.

ಇದನ್ನು ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ. ಮದರ್‌ಬೋರ್ಡ್ ಮೇಲೆ ತೊಗರಿ ಕಾಳಿನಷ್ಟು ದೊಡ್ಡ ಒಂದು ಚಿಪ್ ಇರುತ್ತದೆ. ಬಯಾಸ್, ಅಂದ್ರೆ ಆನ್ ಮಾಡಿದ ಕೂಡಲೇ ಮೆಷಿನ್ ಎಬ್ಬಿಸುವ ಪ್ರೋಗ್ರಾಂ, ಇರುವುದು ಅದರಲ್ಲಿ, ವಿಂಡೋಸ್ ಇರುವ ಎಸ್‌ಎಸ್‌ಡಿಯಲ್ಲಿ ಅಲ್ಲ. ಅಪ್‌ಡೇಟ್ ಅಂದ್ರೆ ಆ ಚಿಪ್ಪಿನಲ್ಲಿರುವ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು. ಅರ್ಧ ಬರೆದಾಗ ನೀವು ಬಟನ್ ಒತ್ತಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಮೆಷಿನ್‌ಗೆ ಹೇಗೆ ಏಳಬೇಕು ಅನ್ನೋದೇ ಗೊತ್ತಿರೋದಿಲ್ಲ.

ಬರೆದು ಮುಗಿದ ಮೇಲೂ ಒಂದು ಕಪ್ಪು ಪರದೆ ಇದೆ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಹೊಸ ಬಯಾಸ್ ಮೊದಲ ಸಲ ಏಳುವಾಗ ರ‍್ಯಾಮ್ ಜೊತೆ ಯಾವ ವೇಗದಲ್ಲಿ ಮಾತಾಡಬೇಕು ಅಂತ ಪರೀಕ್ಷೆ ಮಾಡಿ ನೋಡುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಆ ಹೊತ್ತಿಗೆ ಪರದೆಗೆ ಚಿತ್ರ ಕಳಿಸುವ ಭಾಗ ಎದ್ದೇ ಇರೋದಿಲ್ಲ. ಫ್ಯಾನ್ ಜೋರಾಗಿ ತಿರುಗಬಹುದು, ತಿರುಗದೇ ಇರಬಹುದು. ತಾನೇ ಎರಡು ಮೂರು ಸಲ ಆಫ್ ಆಗಿ ಆನ್ ಆಗಬಹುದು. ನನ್ನ ಟೇಬಲ್ ಮೇಲೆ 3 ನಿಮಿಷಕ್ಕೆ ಎದ್ದದ್ದೂ ಇದೆ, 15 ನಿಮಿಷ ಹಿಡಿದದ್ದೂ ಇದೆ. ಅರ್ಧ ಗಂಟೆಯಾದರೂ ಏಳದಿದ್ದರೆ ಆಗ ಯೋಚನೆ ಮಾಡೋಣ. ಎಲ್ಲ ಮಾಡೆಲ್‌ಗೂ ಒಂದೇ ಲೆಕ್ಕ ಅಂತ ನಾನು ಹೇಳೋದಿಲ್ಲ, ಕಂಪನಿಯ ಸೂಚನೆ ಓದಿಕೊಳ್ಳಿ. ಅಪ್‌ಡೇಟ್ ಶುರು ಮಾಡುವ ಮೊದಲೇ ಚಾರ್ಜರ್ ಹಾಕಿ, ಬ್ಯಾಟರಿಯನ್ನೂ ತುಂಬಿಸಿಕೊಳ್ಳಿ. ನಮ್ಮ ಊರಲ್ಲಿ ಕರೆಂಟ್ ಯಾವಾಗ ಹೋಗ್ತದೆ ಅಂತ ಹೇಳೋಕಾಗಲ್ಲ, ಅಲ್ವಾ?

ಸತ್ತದ್ದನ್ನು ಬದುಕಿಸಬಹುದು, ಬಹಳ ಸಲ. ಬಯಾಸ್ ಇರುವ ಆ ಚಿಪ್ಪಿಗೆ ಪ್ರೋಗ್ರಾಮರ್ ಅನ್ನೋ ಬರೆಯುವ ಉಪಕರಣದ ಕ್ಲಿಪ್ ಹಾಕಿ, ಸರಿಯಾದ ಬಯಾಸ್ ಫೈಲ್ ಬರೆಯುತ್ತೇವೆ. ಆದರೆ ಸೀರಿಯಲ್ ನಂಬರ್, ವಿಂಡೋಸ್ ಕೀ ಸಾಮಾನ್ಯವಾಗಿ ಅದೇ ಚಿಪ್ಪಿನಲ್ಲಿ ಇರುತ್ತವೆ. ಮೊದಲು ಅದನ್ನು ಓದಿ ಇಟ್ಟುಕೊಳ್ಳಬೇಕು. ವಿಡಿಯೋ ನೋಡಿಕೊಂಡು 1.8 ವೋಲ್ಟ್ ಚಿಪ್ಪಿಗೆ 3.3 ವೋಲ್ಟ್ ಕೊಟ್ಟು ಕೆಡಿಸಿಕೊಂಡವರೂ ಬಂದಿದ್ದಾರೆ. ವಾರಂಟಿ ಇದ್ದರೆ ನನ್ನ ಹತ್ತಿರವೂ ತರಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಇನ್ನು ಗೇಮ್ ಸ್ಲೋ ಆಗಿದ್ದು ಯಾಕೆ? ಒಮ್ಮೊಮ್ಮೆ ಬಯಾಸ್‌ನಿಂದ ಫ್ಯಾನ್, ಬ್ಯಾಟರಿಯ ನಡವಳಿಕೆ ಸುಧಾರಿಸುವುದು ನಿಜ. ಆದರೆ ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ, ಅದನ್ನು ಕೌದಿ ಮೇಲೆ ಇಟ್ಟುಕೊಂಡು ಮಲಗಿ ಆಡಿದರೆ ಯಾವ ಅಪ್‌ಡೇಟ್ ಏನು ಮಾಡೀತು? ಗಾಳಿ ಎಳೆಯುವ ಕಿಂಡಿ ಹಿಂದೆ ಇರುತ್ತದೆ, ಕೌದಿ ಅದನ್ನು ಮುಚ್ಚುತ್ತದೆ. ಗೇಮ್ ಓಡಿಸುವ ಪ್ರೊಸೆಸರ್ 90 ಡಿಗ್ರಿ ದಾಟಿ ಮಿತಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಶಹಾಬಾದಿ ಪರಸಿ ಮೇಲೆ ಕೂತು, ಕೈಯಲ್ಲಿ ಹಿಡಿದು ಆಡಿ. ಏರ್ ಕೂಲರ್ ಮುಂದೆ ಇಟ್ಟು ಆಡ್ತೀನಿ ಅನ್ನೋರಿಗೆ ಒಂದು ಮಾತು: ಅದು ನೀರಿನ ಗಾಳಿ. ಒಳಗೆ ಹಸಿರು ಕಿಲುಬು ಹಿಡಿದ ಬೋರ್ಡ್ ನೋಡಿದ್ದೇನೆ.

ವ್ಯಾಟ್ ಲೆಕ್ಕವನ್ನೂ ನೋಡಿ. ಆಸುಸ್ ಕಂಪನಿಯ ಹ್ಯಾಂಡ್‌ಹೆಲ್ಡ್, 2023ರ ಮೊದಲ ಆರ್‌ಒಜಿ ಆಲೈಯನ್ನೇ ತಗೊಳ್ಳಿ. ಅದರ ಪ್ರೊಸೆಸರ್‌ಗೆ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 15 ವ್ಯಾಟ್, ಟರ್ಬೊದಲ್ಲಿ 25, ಚಾರ್ಜರ್ ಹಾಕಿದರೆ 30. ಬ್ಯಾಟರಿ ಇರುವುದು 40 ವ್ಯಾಟ್-ಅವರ್. ಟರ್ಬೊದಲ್ಲಿ ದೊಡ್ಡ ಗೇಮ್ ಆಡಿದರೆ, ಪರದೆ, ಫ್ಯಾನ್ ಖರ್ಚೂ ಸೇರಿ ಒಂದು ಗಂಟೆ ಆಸುಪಾಸಿಗೆ ಖಾಲಿ. ಏಳು ಇಂಚಿನ ಪರದೆಗೆ 720ಪಿ ಸಾಕು. ಸೆಕೆಂಡಿಗೆ ಮೂಡುವ ಚಿತ್ರ, ಅಂದ್ರೆ ಫ್ರೇಮ್, 40ಕ್ಕೆ ಕಟ್ಟಿ ಹಾಕಿ ನೋಡಿ, 15 ವ್ಯಾಟ್‌ನಲ್ಲೇ ಎಷ್ಟೋ ಗೇಮ್ ಓಡುತ್ತವೆ.

ಹೋದ ತಿಂಗಳು ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಅಣ್ಣಾ, ಅಪ್‌ಡೇಟ್ ಹಾಕೀನಿ, ಕಪ್ಪಾಗ್ಯಾದ, ಒತ್ಲೇನು?" ಸದ್ಯ, ಒತ್ತುವ ಮೊದಲು ಕೇಳಿದ. "ಒತ್ತಬ್ಯಾಡ. ಅದನ್ನ ಅವ್ವನ ಕೈಗೆ ಕೊಟ್ಟು ರೊಟ್ಟಿ ತಿಂದು ಬಾ" ಅಂದೆ. ಇಪ್ಪತ್ತು ನಿಮಿಷಕ್ಕೆ ಫೋಟೊ ಕಳಿಸಿದ. ಎದ್ದಿತ್ತು. ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳ್ತಿತ್ತು. ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರ್ ಸಸ್ಪೆಂಡ್ ಮಾಡಬೇಕು, ಅವನು ಮಾಡಿರಲಿಲ್ಲ. ಕೀ ಇದ್ದದ್ದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ಇವನದಲ್ಲ, ಮೆಷಿನ್ ಶುರು ಮಾಡಿಕೊಟ್ಟ ಮಾಮನ ಮಗನದು. ಅವನು ಆ ಹೊತ್ತಿಗೆ ಸೋಲಾಪುರದ ಕಡೆ ರೈಲಿನಲ್ಲಿ ನಿದ್ದೆ ಹೊಡೀತಿದ್ದ.