ಎಲ್‌ವಿಎನ್ ಎಂದರೆ ಯಾವ ನರ್ಸ್?

ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತು ಇದು: ‘ಒಂದೇ ವರ್ಷದ ಕೋರ್ಸಂತೆ, ಮುಗಿಸಿದರೆ ನರ್ಸ್ ಆಗಬಹುದಂತೆ.’ ಮಾತು ಸುಳ್ಳಲ್ಲ. ಆದರೆ ಯಾವ ನರ್ಸ್ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಆ ಕೋರ್ಸು ಮುಗಿಸಿ ಪರೀಕ್ಷೆ ಪಾಸಾದವರಿಗೆ ಸಿಗುವುದು ಎಲ್‌ವಿಎನ್, ಅಂದರೆ ಲೈಸೆನ್ಸ್‌ಡ್ ವೊಕೇಶನಲ್ ನರ್ಸ್ ಎಂಬ ಲೈಸೆನ್ಸು. ನಮ್ಮೂರಲ್ಲಿ ‘ಸ್ಟಾಫ್ ನರ್ಸ್’ ಎಂದಾಗ ಕಣ್ಣಮುಂದೆ ಬರುವವರು ಇವರಲ್ಲ. ಹಾಗಂತ ಬರೀ ಆಯಾ ಕೆಲಸದವರೂ ಅಲ್ಲ.

ಅಲ್ಲಿನ ವಾರ್ಡಿನಲ್ಲಿ ಮೂರು ಮೆಟ್ಟಿಲು ಇವೆ ಎಂದುಕೊಳ್ಳಿ. ಕೆಳಗಿನದು ಸಿಎನ್‌ಎ, ನರ್ಸಿಂಗ್ ಅಸಿಸ್ಟೆಂಟ್: ಸ್ನಾನ, ಊಟ, ಬೆಡ್‌ಪ್ಯಾನ್, ಮಗ್ಗುಲು ಬದಲಿಸುವುದು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕನಿಷ್ಠ 160 ಗಂಟೆಯ ತರಬೇತಿ. ಮೇಲಿನದು ಆರ್‌ಎನ್, ರಿಜಿಸ್ಟರ್ಡ್ ನರ್ಸ್: ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಅಥವಾ ನಾಲ್ಕು ವರ್ಷದ ಬಿಎಸ್‌ಎನ್ ಎಂಬ ನರ್ಸಿಂಗ್ ಪದವಿ. ನಡುವಿನವರು ಎಲ್‌ವಿಎನ್. ಮಾತ್ರೆ ಕೊಡುತ್ತಾರೆ, ಇನ್ಸುಲಿನ್ ಚುಚ್ಚುತ್ತಾರೆ, ಗಾಯದ ಡ್ರೆಸ್ಸಿಂಗ್ ಮಾಡುತ್ತಾರೆ, ಮೂತ್ರ ಹೊರಹೋಗಲು ಕ್ಯಾಥೆಟರ್ ಎಂಬ ನಳಿಕೆ ಹಾಕುತ್ತಾರೆ, ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಾರೆ. ಇಷ್ಟೆಲ್ಲ ಮಾಡುವವರು ನರ್ಸ್ ಅಲ್ಲದೆ ಮತ್ತೇನು ಎಂದು ಯಾರಿಗಾದರೂ ಅನ್ನಿಸುತ್ತದೆ. ವ್ಯತ್ಯಾಸ ಕೈಕೆಲಸಕ್ಕಿಂತ ಹೆಚ್ಚಾಗಿ ತೀರ್ಮಾನದಲ್ಲಿದೆ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಎಲ್‌ವಿಎನ್ ಕೆಲಸ ಮಾಡುವುದು ಡಾಕ್ಟರ ಅಥವಾ ಆರ್‌ಎನ್ ನಿರ್ದೇಶನದಲ್ಲಿ. ರೋಗಿಯ ಸ್ಥಿತಿಯ ಬಗ್ಗೆ ಮಾಹಿತಿ ಕಲೆಹಾಕುವುದು ಅವರ ಪಾಲು. ಅದನ್ನೆಲ್ಲ ಕೂಡಿಸಿ ನೋಡಿ ಆರೈಕೆಯ ಯೋಜನೆ ಹೇಗಿರಬೇಕೆಂದು ನಿರ್ಧರಿಸುವುದು ಆರ್‌ಎನ್ ಪಾಲು.

ಒಂದು ಉದಾಹರಣೆ. ನಿನ್ನೆಯವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಎಂಬತ್ತರ ಅಜ್ಜಿ ಇವತ್ತು ಸಂಜೆ ತಡವರಿಸುತ್ತಿದ್ದಾರೆ, ಇದು ಯಾವ ಊರು ಎಂದು ಕೇಳುತ್ತಿದ್ದಾರೆ. ಎಲ್‌ವಿಎನ್ ಬಿಪಿ ನೋಡುತ್ತಾರೆ, ಜ್ವರ ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ಅಂಶ ನೋಡುತ್ತಾರೆ, ಆಮ್ಲಜನಕ ಎಷ್ಟಿದೆ ನೋಡುತ್ತಾರೆ, ಎಷ್ಟು ಹೊತ್ತಿಗೆ ಬದಲಾವಣೆ ಕಂಡಿತು ಎಂದು ಬರೆದಿಟ್ಟು ತಕ್ಷಣ ಆರ್‌ಎನ್‌ಗೋ ಡಾಕ್ಟರಿಗೋ ಹೇಳುತ್ತಾರೆ. ಮೂತ್ರದ ಸೋಂಕಿರಬಹುದು ಎಂಬ ಊಹೆ ಅವರ ತಲೆಯಲ್ಲಿ ಬಂದೇ ಇರುತ್ತದೆ, ವಯಸ್ಸಾದವರಲ್ಲಿ ಅದು ಹೀಗೂ ಕಾಣಿಸಿಕೊಳ್ಳುತ್ತದೆ. ಊಹೆ ಬರುವುದಕ್ಕೆ ಅಡ್ಡಿಯಿಲ್ಲ. ಅದರ ಮೇಲೆ ತಾನೇ ಯೋಜನೆ ಬದಲಿಸುವುದು ಅವರ ಲೈಸೆನ್ಸಿನ ಆಚೆಗಿನ ಕೆಲಸ. ಹತ್ತಿಪ್ಪತ್ತು ವರ್ಷ ದುಡಿದ ಎಲ್‌ವಿಎನ್‌ಗಳಿಗೆ ನಿನ್ನೆ ಮೊನ್ನೆ ಬಂದ ಆರ್‌ಎನ್‌ಗಿಂತ ಹೆಚ್ಚು ತಿಳಿದಿರುವುದು ಅಪರೂಪವೇನಲ್ಲ. ವಾರ್ಡುಗಳಲ್ಲಿ ಕಿರಿಕಿರಿ ಹುಟ್ಟುವುದೂ ಅಲ್ಲೇ.

ಎಲ್‌ವಿಎನ್ ಎಂಬ ಹೆಸರು ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡೇ ರಾಜ್ಯಗಳದ್ದು. ಅಮೆರಿಕದ ಮಿಕ್ಕೆಲ್ಲ ಕಡೆ ಇದೇ ಲೈಸೆನ್ಸು ಎಲ್‌ಪಿಎನ್, ಪ್ರಾಕ್ಟಿಕಲ್ ನರ್ಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸ್‌ಗಳು ಸೇನೆಯತ್ತ ಹೋಗಿ ಆಸ್ಪತ್ರೆಗಳು ಬರಿದಾದಾಗ, ಕಡಿಮೆ ಅವಧಿಯಲ್ಲಿ ತಯಾರಾಗುವ ನರ್ಸ್‌ಗಳ ಬೇಡಿಕೆ ಏರಿತು. ಎರಡೂ ರಾಜ್ಯಗಳು ಇವರಿಗೆ ಲೈಸೆನ್ಸಿನ ಕಾನೂನು ಮಾಡಿದ್ದು 1951ರಲ್ಲಿ. ಟೆಕ್ಸಾಸ್‌ನಲ್ಲಿ 2004ರವರೆಗೆ ಇವರಿಗೇ ಲೈಸೆನ್ಸು ಕೊಡುವ ಬೇರೆ ಬೋರ್ಡ್ ಇತ್ತು, ಈಗ ಎಲ್ಲ ನರ್ಸ್‌ಗಳಿಗೂ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಆರ್‌ಎನ್‌ಗಳ ಬೋರ್ಡ್ ಬೇರೆ. ಎಲ್‌ವಿಎನ್‌ಗಳು ಮತ್ತು ಮಾನಸಿಕ ರೋಗಿಗಳ ಆರೈಕೆ ಮಾಡುವ ಸೈಕಿಯಾಟ್ರಿಕ್ ಟೆಕ್ನಿಷಿಯನ್‌ಗಳು ಇನ್ನೊಂದು ಬೋರ್ಡಿನಡಿ.

ಇನ್ನು ತರಬೇತಿ. ಇದನ್ನು ಸೆಮಿಸ್ಟರಿನಲ್ಲಿ ಅಳೆಯುವುದಕ್ಕಿಂತ ಗಂಟೆಯಲ್ಲಿ ಅಳೆಯುವುದೇ ರೂಢಿ. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 1530 ಗಂಟೆ: ತರಗತಿಯಲ್ಲಿ 576, ಅದರಲ್ಲಿ 54 ಗಂಟೆ ಔಷಧಶಾಸ್ತ್ರಕ್ಕೇ ಮೀಸಲು, ಉಳಿದ 954 ಗಂಟೆ ಕ್ಲಿನಿಕಲ್. ಟೆಕ್ಸಾಸ್‌ನಲ್ಲಿ 1398: ತರಗತಿ 558, ಕ್ಲಿನಿಕಲ್ 840. ಎರಡರಲ್ಲೂ ಪುಸ್ತಕಕ್ಕಿಂತ ಮಂಚದ ಪಕ್ಕ ಕಳೆಯುವ ಹೊತ್ತೇ ಜಾಸ್ತಿ. ಪೂರ್ತಿ ಹೊತ್ತಿನ ಕೋರ್ಸಾದರೆ ವರ್ಷ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಸಂಜೆ ಮತ್ತು ವಾರಾಂತ್ಯದ ಬ್ಯಾಚಿಗೆ ಒಂದೂವರೆ ವರ್ಷವೂ ದಾಟುತ್ತದೆ. ಸೇರಲು ಹನ್ನೆರಡನೇ ತರಗತಿ ಅಥವಾ ತತ್ಸಮಾನ ಓದು ಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸಿಗೆ ವಯಸ್ಸು ಕನಿಷ್ಠ 17. ‘ಒಂದೇ ವರ್ಷ’ ಎಂದು ಕೇಳಿ ಹಗುರಾಗಿ ತೆಗೆದುಕೊಂಡವರು ಎರಡನೇ ತಿಂಗಳಿಗೇ ಕೈಚೆಲ್ಲುತ್ತಾರೆ, ಏಕೆಂದರೆ ಗಂಟೆಗಳಿಗೆ ರಿಯಾಯಿತಿಯಿಲ್ಲ. ತಪ್ಪಿಸಿಕೊಂಡ ಕ್ಲಿನಿಕಲ್ ಗಂಟೆಯನ್ನು ತುಂಬಿಕೊಡಲೇಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಆರೂವರೆಗೆಲ್ಲ ಯೂನಿಫಾರಂನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಇರಬೇಕಾದ ದಿನಗಳಿಗೆ ಏನು ವ್ಯವಸ್ಥೆ ಎಂಬುದನ್ನು ಫೀಸಿಗಿಂತ ಮೊದಲು ಲೆಕ್ಕಹಾಕುವುದು ಒಳ್ಳೆಯದು.

ಕಲಿಕೆ ಶುರುವಾಗುವುದು ಬೊಂಬೆಯ ಮೇಲೆ. ಸ್ಕಿಲ್ಸ್ ಲ್ಯಾಬ್‌ನಲ್ಲಿ ಮಹಿಳೆಗೆ ಕ್ಯಾಥೆಟರ್ ಹಾಕುವ ಪರೀಕ್ಷೆಯನ್ನೇ ನೋಡಿ. ಕಿಟ್ ಬಿಚ್ಚಿದ ಮೇಲೆ ಆ ಸ್ಟೆರೈಲ್, ಅಂದರೆ ರೋಗಾಣುಮುಕ್ತ, ಜಾಗಕ್ಕೆ ಬೆನ್ನು ಹಾಕುವಂತಿಲ್ಲ, ಗ್ಲೌಸ್ ಹಾಕಿದ ಕೈಯನ್ನು ಸೊಂಟದ ಕೆಳಗೆ ಇಳಿಸುವಂತಿಲ್ಲ. ಬಲಗೈಯವರಾದರೆ ಎಡಗೈಯಿಂದ ಮೈ ಬಿಡಿಸಿ ಹಿಡಿದ ಕ್ಷಣದಿಂದ ಆ ಕೈ ಸ್ಟೆರೈಲ್ ಅಲ್ಲ, ಅದು ಅಲ್ಲಿಂದ ಕದಲುವಂತೆಯೂ ಇಲ್ಲ. ಮುಂದಿನದೆಲ್ಲ ಬಲಗೈ ಒಂದರಲ್ಲೇ. ನಳಿಕೆ ತಪ್ಪಿ ಯೋನಿಯೊಳಗೆ ಹೋಯಿತೋ, ಹೊಸಬರು ಗಾಬರಿಯಲ್ಲಿ ಅದನ್ನು ಎಳೆದು ಅದನ್ನೇ ಸರಿಯಾದ ಕಡೆ ಹಾಕಲು ಹೋಗುತ್ತಾರೆ. ಅಲ್ಲಿಗೆ ಪರೀಕ್ಷೆ ಫೇಲ್. ಮೊದಲನೆಯದನ್ನು ಅಲ್ಲೇ ಗುರುತಾಗಿ ಬಿಟ್ಟು, ಹೊಸ ಕಿಟ್ ತೆಗೆದು, ಯೋನಿಗಿಂತ ಮೇಲಿರುವ ಮೂತ್ರದ್ವಾರ ಹುಡುಕಿ ಹಾಕಬೇಕು, ಆಮೇಲೆ ಮೊದಲನೆಯದನ್ನು ತೆಗೆಯಬೇಕು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಚೆಕ್‌ಲಿಸ್ಟ್ ಹಿಡಿದು ಒಂದೂ ಮಾತಾಡದೆ ನಿಂತಿರುತ್ತಾರೆ.

ಲೆಕ್ಕದ ಪರೀಕ್ಷೆಯೂ ಹಾಗೇ. ಡಾಕ್ಟರು ಬರೆದಿರುವುದು 375 ಮಿಲಿಗ್ರಾಂ, ಬಾಟಲಿಯಲ್ಲಿರುವುದು 5 ಮಿಲಿಲೀಟರಿಗೆ 250 ಮಿಲಿಗ್ರಾಂ. ಎಷ್ಟು ಕೊಡಬೇಕು? 7.5 ಮಿಲಿಲೀಟರ್. ನಮ್ಮ ಏಳನೇ ಕ್ಲಾಸಿನ ತ್ರೈರಾಶಿ ಇದು, ಹೆದರುವಂಥದ್ದೇನಿಲ್ಲ. ಆದರೆ ಇಲ್ಲಿ ಮೂವತ್ತೈದು ಅಂಕ ಬಂದರೆ ಸಾಕು ಎನ್ನುವ ಮಾತಿಲ್ಲ. ನೂರಕ್ಕೆ ತೊಂಬತ್ತು ಬರದೆ ರೋಗಿಯ ಬಳಿ ಬಿಡದ ಶಾಲೆಗಳೇ ಎಷ್ಟೋ.

ಕ್ಲಿನಿಕಲ್ ಗಂಟೆಗಳಲ್ಲಿ ವೈದ್ಯಕೀಯ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ ಎಲ್ಲವೂ ಬರುತ್ತದೆ. ಕೆಲಸ ಸಿಗುವುದು ಮಾತ್ರ ಬಹುಮಟ್ಟಿಗೆ ವೃದ್ಧರ ನರ್ಸಿಂಗ್ ಹೋಂಗಳಲ್ಲಿ, ಕ್ಲಿನಿಕ್‌ಗಳಲ್ಲಿ, ಮನೆಗೆ ಹೋಗಿ ಆರೈಕೆ ಮಾಡುವ ಸಂಸ್ಥೆಗಳಲ್ಲಿ, ಜೈಲುಗಳಲ್ಲಿ. ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಕೈಲಾಗದ ಹಿರಿಯರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಅಲ್ಲಿನ ಬೆಳಗಿನ ಮಾತ್ರೆಯ ಸುತ್ತು, ಅವರು ‘ಮೆಡ್ ಪಾಸ್’ ಎನ್ನುವುದು, ಎಲ್‌ವಿಎನ್ ಜೀವನದ ತಿರುಳು. ಒಬ್ಬರ ತಲೆಯ ಮೇಲೆ ಇಪ್ಪತ್ತು, ಇಪ್ಪತ್ತೈದು, ಕೆಲವೆಡೆ ಅದಕ್ಕೂ ಹೆಚ್ಚು ಹಿರಿಯರು. ಬೀಗ ಹಾಕಿದ ತಳ್ಳುಗಾಡಿ, ಮೇಲೆ ಕಂಪ್ಯೂಟರ್, ಒಬ್ಬೊಬ್ಬರಿಗೂ ಎಂಟೋ ಹತ್ತೋ ಔಷಧ. ಎಂಟು ಗಂಟೆಯ ಮಾತ್ರೆಗೆ ಸಾಮಾನ್ಯವಾಗಿ ಒಂದು ಗಂಟೆ ಹಿಂದೆ ಮುಂದೆ ಅವಕಾಶ. ಸಕ್ಕರೆ ಕಾಯಿಲೆಯವರಿಗೆ ತಿಂಡಿಯ ಮುಂಚೆಯೇ ಬೆರಳು ಚುಚ್ಚಬೇಕು. ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ಇದ್ದವರ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, 60ಕ್ಕಿಂತ ಕಡಿಮೆಯಾದರೆ ಮಾತ್ರೆ ತಡೆಹಿಡಿದು ಹೇಳಬೇಕು. ನುಂಗಲಾಗದವರಿಗೆ ಪುಡಿ ಮಾಡಿ ಸೇಬಿನ ತಿರುಳಿನಲ್ಲಿ ಕಲಸಿ ಕೊಡಬೇಕು, ಆದರೆ ನಿಧಾನವಾಗಿ ಕರಗಲೆಂದೇ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ, ಒಂದು ದಿನದ ಡೋಸು ಒಂದೇ ಸಲಕ್ಕೆ ರಕ್ತಕ್ಕಿಳಿಯುತ್ತದೆ. ಇದರ ನಡುವೆ ಒಬ್ಬರು ಬಿದ್ದರು ಎಂದು ಸಿಎನ್‌ಎ ಕೂಗುತ್ತಾರೆ, ಇನ್ನೊಬ್ಬರ ಮಗಳು ಫೋನಿನಲ್ಲಿ ಕಾಯುತ್ತಿರುತ್ತಾರೆ. ನರ್ಸಿಂಗ್ ಅಂದರೆ ಸೇವಾಭಾವ ಎನ್ನುವವರು ಒಮ್ಮೆ ಆ ಗಾಡಿಯ ಹಿಂದೆ ನಡೆದು ನೋಡಬೇಕು. ಅಲ್ಲಿ ಭಾವಕ್ಕಿಂತ ಮೊದಲು ಬೇಕಾಗುವುದು ಎಚ್ಚರ.

ಐವಿಯ, ಅಂದರೆ ರಕ್ತನಾಳಕ್ಕೆ ಸೂಜಿ ಹಾಕಿ ಅದರ ಮೂಲಕ ಕೊಡುವುದರ, ವಿಷಯದಲ್ಲಿ ಗೊಂದಲ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಎಲ್‌ವಿಎನ್ ಬೇರೆ ಕೋರ್ಸು ಮಾಡಿ ಸರ್ಟಿಫಿಕೇಟ್ ಪಡೆದರೆ ಐವಿ ಹಾಕಬಹುದು, ಡ್ರಿಪ್ ಏರಿಸಬಹುದು, ರಕ್ತ ತೆಗೆಯಬಹುದು. ಐವಿಯಲ್ಲಿ ಔಷಧ ಕೊಡುವುದು, ಕೆಲವು ವಿನಾಯಿತಿ ಬಿಟ್ಟರೆ, ಅವರ ವ್ಯಾಪ್ತಿಯಲ್ಲಿಲ್ಲ. ಬೇರೆ ರಾಜ್ಯಗಳಲ್ಲಿ ಗೆರೆ ಬೇರೆ ಕಡೆ ಇರುತ್ತದೆ. ದೊಡ್ಡ ಆಸ್ಪತ್ರೆಗಳು ಆರ್‌ಎನ್‌ಗಳನ್ನೇ ಹೆಚ್ಚು ತೆಗೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಕೋರ್ಸು ಮುಗಿದ ಮೇಲಿನ ಪರೀಕ್ಷೆ ಎನ್‌ಕ್ಲೆಕ್ಸ್-ಪಿಎನ್. ಎಲ್‌ವಿಎನ್, ಎಲ್‌ಪಿಎನ್ ಇಬ್ಬರಿಗೂ ಇದೊಂದೇ. ಐದು ಗಂಟೆ ಅವಕಾಶ, ಪ್ರಶ್ನೆಗಳು ಕನಿಷ್ಠ 85, ಗರಿಷ್ಠ 150. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬುದಿಲ್ಲ. ಸರಿಯುತ್ತರ ಕೊಟ್ಟರೆ ಮುಂದಿನದು ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು; ಅಭ್ಯರ್ಥಿ ಪಾಸಿನ ಗೆರೆಯ ಮೇಲಿದ್ದಾರೋ ಕೆಳಗಿದ್ದಾರೋ ಎಂದು ಶೇಕಡಾ 95ರಷ್ಟು ಖಾತ್ರಿಯಾದ ಕೂಡಲೇ ಕಂಪ್ಯೂಟರು ನಿಂತುಬಿಡುತ್ತದೆ. 85ಕ್ಕೇ ಪರದೆ ಆರಿದಾಗ ಪಾಸೋ ಫೇಲೋ ಗೊತ್ತಾಗದೆ ಪಾರ್ಕಿಂಗ್ ಜಾಗದಲ್ಲಿ ಕೂತು ಅಳುವವರಿದ್ದಾರೆ. 2023ರ ಏಪ್ರಿಲ್‌ನಿಂದ ಒಬ್ಬ ರೋಗಿಯ ಪೂರ್ತಿ ದಾಖಲೆ ಕೊಟ್ಟು ಸರಣಿ ಪ್ರಶ್ನೆ ಕೇಳುವ ಹೊಸ ಮಾದರಿಯೂ ಸೇರಿದೆ. ಫೇಲಾದರೆ ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು.

ಭಾರತದಲ್ಲಿ ಬಾಯಿಪಾಠದಲ್ಲಿ ಗೆದ್ದುಬಂದವರು ಎಡವುವುದು ಇಲ್ಲಿನ ಹಂಚಿಕೆಯ ಪ್ರಶ್ನೆಗಳಲ್ಲಿ. ನಾಲ್ವರು ರೋಗಿಗಳನ್ನು ಕೊಟ್ಟು, ಎಲ್‌ವಿಎನ್ ಆಗಿ ಯಾರನ್ನು ನೀವು ವಹಿಸಿಕೊಳ್ಳಬಹುದು ಎಂದು ಕೇಳುತ್ತಾರೆ. ಈಗಷ್ಟೇ ದಾಖಲಾದವರು, ಮೊದಲ ಸಲ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಬೇಕಾದವರು, ಎದೆನೋವು ಶುರುವಾದವರು, ಆಪರೇಷನ್ ಆಗಿ ಮೂರನೇ ದಿನ ಡ್ರೆಸ್ಸಿಂಗ್ ಬದಲಿಸಬೇಕಾದವರು. ನಾಲ್ಕನೆಯವರೇ ಉತ್ತರ: ಸ್ಥಿತಿ ಸ್ಥಿರ, ಮುಂದೇನಾಗಬಹುದು ಎಂಬುದು ಊಹೆಗೆ ನಿಲುಕುವಂಥದ್ದು. ಉಳಿದ ಮೂವರಲ್ಲೂ ಯಾರೋ ಹೊಸದಾಗಿ ತೀರ್ಮಾನ ಮಾಡಬೇಕಾಗಿದೆ.

ಎಲ್‌ವಿಎನ್ ಕೋರ್ಸನ್ನು ನಮ್ಮ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಕೋರ್ಸಿಗೆ ಹೋಲಿಸುವವರು ಬಹಳ. ಅವಧಿ ನೋಡಿದರೆ ಹತ್ತಿರವೇ: ಪಿಯುಸಿ ನಂತರ ಎರಡು ವರ್ಷ, ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಕೆಲಸ ಮಾತ್ರ ಬೇರೆ ದಿಕ್ಕಿನದು. ಹಳ್ಳಿಯ ಉಪಕೇಂದ್ರದ ಎಎನ್‌ಎಂ ಲಸಿಕೆ ಹಾಕುತ್ತಾರೆ, ಗರ್ಭಿಣಿಯರ ತಪಾಸಣೆ ಮಾಡುತ್ತಾರೆ, ಸಂದರ್ಭ ಬಂದರೆ ಹೆರಿಗೆ ಮಾಡಿಸುತ್ತಾರೆ, ಅದೂ ಮೈಲಿ ದೂರಕ್ಕೆ ಡಾಕ್ಟರಿಲ್ಲದ ಕಡೆ. ಹೆರಿಗೆ ಮಾಡಿಸುವುದು ಎಲ್‌ವಿಎನ್ ಕೆಲಸವೇ ಅಲ್ಲ. ಹಾಗಾಗಿ ‘ಅಮೆರಿಕದ ಎಎನ್‌ಎಂ’ ಎಂದು ಕರೆದರೆ ಇಬ್ಬರಿಗೂ ಅನ್ಯಾಯ. ಇನ್ನು ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’ ಸರ್ಟಿಫಿಕೇಟ್ ಹಿಡಿದು ಅದೇ ವೊಕೇಶನಲ್ ನರ್ಸಿಂಗ್ ಎಂದು ಜಾಹೀರಾತು ಕೊಡುವವರ ಮಾತಿಗೆ ಮರುಳಾಗಬೇಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಎಎನ್‌ಎಂ, ಜಿಎನ್‌ಎಂ ಡಿಪ್ಲೊಮಾ, ಬಿಎಸ್‌ಸಿ ಪದವಿ ಎಂಬ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಭಾರತದಲ್ಲಿ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮಾಡಿದವರು ಅಲ್ಲಿಗೆ ಹೋದ ಮೇಲೆ ಬೇಗ ಸಂಬಳ ಸಿಗಲಿ ಎಂದು ಎಲ್‌ವಿಎನ್ ಶಾಲೆ ಸೇರುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ತಮ್ಮ ಅಂಕಪಟ್ಟಿ ಪರಿಶೀಲನೆಗೆ ಕಳಿಸಿ ಆರ್‌ಎನ್ ಪರೀಕ್ಷೆಗೆ ಅರ್ಹರೇ ಎಂದು ನೋಡಲಿ. 2023ರಲ್ಲಿ ಅಮೆರಿಕದಾದ್ಯಂತ ಎಲ್‌ಪಿಎನ್, ಎಲ್‌ವಿಎನ್‌ಗಳ ಮಧ್ಯಮ ವಾರ್ಷಿಕ ಸಂಬಳ 59,730 ಡಾಲರ್, ಆರ್‌ಎನ್‌ಗಳದ್ದು 86,070. ಅದಕ್ಕಿಂತ ಮುಖ್ಯವಾದದ್ದು ವೀಸಾ. ಗ್ರೀನ್ ಕಾರ್ಡಿನ ದಾರಿಯಲ್ಲಿ ನರ್ಸ್‌ಗಳಿಗಿರುವ ಶೆಡ್ಯೂಲ್ ಎ ಎಂಬ ವಿಶೇಷ ಸೌಲಭ್ಯ ಆರ್‌ಎನ್‌ಗಳಿಗೆ ಮಾತ್ರ, ಎಲ್‌ವಿಎನ್‌ಗಳಿಗಿಲ್ಲ. ಎಚ್-4 ವೀಸಾದಲ್ಲಿರುವವರು, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ, ಓದಬಹುದು, ಆದರೆ ಕೆಲಸಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಲೈಸೆನ್ಸು ಕೈಯಲ್ಲಿದ್ದೂ ಡ್ಯೂಟಿಗೆ ಹೋಗಲಾಗದ ಪರಿಸ್ಥಿತಿ ಬರಬಹುದು.

ಈ ಯಾವ ಹಿನ್ನೆಲೆಯೂ ಇಲ್ಲದೆ, ಕೆಲಸದ ಪರವಾನಗಿ ಇದ್ದು, ನಲವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುಮಾಡುವವರಿಗೆ ಎಲ್‌ವಿಎನ್ ಒಳ್ಳೆಯ ಬಾಗಿಲು. ಶಾಲೆ ಆರಿಸುವಾಗ ಎರಡು ವಿಷಯ ನೋಡಿ. ಒಂದು, ಮೊದಲ ಯತ್ನದಲ್ಲಿ ಎಷ್ಟು ಮಂದಿ ಪಾಸಾಗುತ್ತಾರೆ ಎಂಬುದು: ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಸರಾಸರಿ ರಾಜ್ಯದ ಸರಾಸರಿಗಿಂತ ಶೇಕಡಾ 10 ಅಂಶಕ್ಕಿಂತ ಹೆಚ್ಚು ಕೆಳಗಿಳಿಯಬಾರದೆಂಬ ನಿಯಮವಿದೆ, ಶಾಲೆವಾರು ಅಂಕಿಗಳನ್ನು ಬೋರ್ಡೇ ಪ್ರಕಟಿಸುತ್ತದೆ. ಇನ್ನೊಂದು, ಅಲ್ಲಿ ಓದಿದ ಕ್ರೆಡಿಟ್ಟುಗಳನ್ನು ಮುಂದೆ ಆರ್‌ಎನ್ ಓದುವಾಗ ಕಾಲೇಜುಗಳು ಒಪ್ಪುತ್ತವೆಯೇ ಎಂಬುದು. ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಫೀಸು ಕಡಿಮೆ, ಕಾಯುವ ಪಟ್ಟಿ ಉದ್ದ. ಖಾಸಗಿಯಲ್ಲಿ ಸೀಟು ಬೇಗ, ಫೀಸು ಅದರ ಹಲವು ಪಟ್ಟು, ಕ್ರೆಡಿಟ್ಟು ಕೆಲವೊಮ್ಮೆ ಎಲ್ಲೂ ಸಲ್ಲುವುದಿಲ್ಲ.

ಮುಂದೆ ಆರ್‌ಎನ್ ಆಗಲು ಬ್ರಿಡ್ಜ್ ಕೋರ್ಸುಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ‘30 ಯೂನಿಟ್ ಆಯ್ಕೆ’ ಎಂಬ ಅಡ್ಡದಾರಿಯೂ ಇದೆ: ಎಲ್‌ವಿಎನ್ ಡಿಗ್ರಿಯಿಲ್ಲದೆ ನಿಗದಿತ ವಿಷಯಗಳಲ್ಲಿ ಗರಿಷ್ಠ 30 ಸೆಮಿಸ್ಟರ್ ಯೂನಿಟ್ ಮುಗಿಸಿ ಆರ್‌ಎನ್ ಪರೀಕ್ಷೆಗೆ ಕೂರಬಹುದು. ಹಾಗೆ ಪಡೆದ ಆರ್‌ಎನ್ ಲೈಸೆನ್ಸನ್ನು ಬೇರೆ ಕೆಲವು ರಾಜ್ಯಗಳು ಒಪ್ಪುವುದಿಲ್ಲ. ಗಂಡನಿಗೋ ಹೆಂಡತಿಗೋ ನಾಳೆ ಸಿಯಾಟಲ್‌ಗೋ ನ್ಯೂಜೆರ್ಸಿಗೋ ವರ್ಗವಾಗುವ ಸಾಧ್ಯತೆ ಇರುವ ಮನೆಯವರು ಆ ದಾರಿ ಹಿಡಿಯುವ ಮುನ್ನ ಅಲ್ಲಿನ ಬೋರ್ಡಿನ ನಿಯಮವನ್ನೂ ಓದಿಕೊಳ್ಳಬೇಕು.