ಗೋವಂಡಿಯ ಟಿಬಿಗೆ ಚಟವೇ ಕಾರಣವಾ?

ಪ್ರಶ್ನೆ: ಮುಂಬಯಿಯಲ್ಲಿ ಕೆಇಎಂ, ಸಯನ್, ನಾಯರ್ ಅಂತ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ಆದರೂ ಗೋವಂಡಿ, ಮಾನ್‌ಖುರ್ದ್ ಕಡೆ ಟಿಬಿ ಜಾಸ್ತಿ. ಆ ಜನ ಕುಡಿತ, ಗುಟ್ಕಾ ಬಿಟ್ಟರೆ ಸರಿಹೋಗುತ್ತೆ ಅಲ್ವಾ? ಇದಕ್ಕೆಲ್ಲ ಸಂಶೋಧನೆ ಯಾಕೆ?

ಉತ್ತರ: ಮತ್ತೆ ಅದೇ ಪ್ರಶ್ನೆ! ಮಾಟುಂಗಾದವರೂ ಕೇಳುತ್ತಾರೆ, ಡೊಂಬಿವಲಿಯವರೂ ಕೇಳುತ್ತಾರೆ. ಆಸ್ಪತ್ರೆ ಬೇಕಾಗುವುದು ಕಾಯಿಲೆ ಬಿದ್ದ ಮೇಲೆ. ಒಂದೇ ಊರಿನಲ್ಲಿ ಕೆಲವರೇ ಯಾಕೆ ಜಾಸ್ತಿ ಕಾಯಿಲೆ ಬೀಳುತ್ತಾರೆ ಅಂತ ಹುಡುಕುವುದು ಸಾರ್ವಜನಿಕ ಆರೋಗ್ಯದ ಸಂಶೋಧಕರ ಕೆಲಸ.

ಈಗ ಚಟದ ಮಾತು. ಬೀಡಿ, ಕುಡಿತದಿಂದ ಟಿಬಿ ಅಪಾಯ ಹೆಚ್ಚುತ್ತದೆ, ಒಪ್ಪಿದೆ. ಆದರೆ ಗೋವಂಡಿ, ಮಾನ್‌ಖುರ್ದ್ ಕಡೆಯ ಲಲ್ಲುಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಒಮ್ಮೆ ನೋಡಿ ಬನ್ನಿ. ರಸ್ತೆ, ರೈಲು ಕಾಮಗಾರಿಗೆ ಜೋಪಡಿ ಕಳೆದುಕೊಂಡವರಿಗೆ ಕೊಟ್ಟ ಪಕ್ಕಾ ಬಿಲ್ಡಿಂಗ್‌ಗಳು ಅವು. ಎರಡು ಬಿಲ್ಡಿಂಗ್ ನಡುವೆ ಎಷ್ಟೋ ಕಡೆ 3 ಮೀಟರ್ ಜಾಗ, ಅಷ್ಟೇ. ಕೆಳಗಿನ ಮಹಡಿಗಳಲ್ಲಿ ಹಗಲೂ ಲೈಟು ಹಾಕಬೇಕು. ಡಾಕ್ಟರ್ಸ್ ಫಾರ್ ಯು ಸಂಸ್ಥೆ ಮತ್ತು ಐಐಟಿ ಬಾಂಬೆಯವರು ಇಲ್ಲಿ ಅಧ್ಯಯನ ಮಾಡಿದರು. ಗಾಳಿ, ಬಿಸಿಲು ಕಡಿಮೆ ಇದ್ದಲ್ಲಿ ಟಿಬಿ ಜಾಸ್ತಿ. ಅದೇ ಸೀಮೆಯ ಪಿಎಂಜಿಪಿ ಕಾಲನಿಯಲ್ಲಿ ಬಿಲ್ಡಿಂಗ್‌ಗಳ ನಡುವೆ ಜಾಗ ಇದೆ, ಅಲ್ಲಿ ಟಿಬಿ ಬಹಳ ಕಡಿಮೆ. ಚಟ ಏನು ಕಾಂಪೌಂಡಿನ ಬೋರ್ಡು ಓದಿಕೊಂಡು ಒಳಗೆ ಬರುತ್ತದಾ?

ಊಟದ ವಿಷಯವೂ ಇದೆ. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ ಕೊಟ್ಟು ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 39% ಇಳಿದಿತ್ತು. ಕೆಲಸ ಮಾಡಿದ್ದು ಬೇಳೆ, ಸ್ವಾಮಿ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇದೆಲ್ಲ ಬಡವರ ಪಾಡು, ಫ್ಲ್ಯಾಟಿನಲ್ಲಿರುವ ನಮಗೇನು ಅಂದುಕೊಳ್ಳಬೇಡಿ. ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಆರೋಗ್ಯ ಸಂಶೋಧಕ ಮೈಕಲ್ ಮಾರ್ಮಟ್ ಹೆಸರಾದದ್ದು ಇದರಿಂದಲೇ. ಅಲ್ಲಿ ಎಲ್ಲರಿಗೂ ಪಕ್ಕಾ ನೌಕರಿ, ತಿಂಗಳ ಪಗಾರ, ಪುಕ್ಕಟೆ ಚಿಕಿತ್ಸೆ. ಆದರೂ ಹುದ್ದೆ ಕೆಳಗಿಳಿದ ಹಾಗೆ ಹೃದಯದ ಕಾಯಿಲೆಯಿಂದ ಸಾಯುವವರು ಜಾಸ್ತಿ. ದೊಡ್ಡ ಸಾಹೇಬರಿಗಿಂತ ಅವರ ಕೆಳಗಿನ ಅಧಿಕಾರಿ, ಅವರಿಗಿಂತ ಕ್ಲಾರ್ಕು, ಎಲ್ಲರಿಗಿಂತ ಜಾಸ್ತಿ ಪ್ಯೂನು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರದ ಅರ್ಧಕ್ಕಿಂತ ಜಾಸ್ತಿ ಹಾಗೇ ಉಳಿಯಿತು.